ಪರ್ಸ್ ಸಿಕ್ತು ಅಂತ ಗ್ರೂಪಿಗೆ ಫೋಟೋ ಹಾಕ್ತೀರಾ? ತಡೀರಿ ಮಾರಾಯ್ರೆ

ನಮಸ್ಕಾರ, ಕಾರವಾರದ ಟ್ಯಾಗೋರ್ ಬೀಚಲ್ಲಿ ನಿಂತು ಮಾತಾಡ್ತಾ ಇದೀನಿ, ಗಾಳಿ ಸೌಂಡ್ ಸ್ವಲ್ಪ ಸುಧಾರ್ಸ್ಕೊಳ್ಳಿ.

ಶಿರ್ಸಿ ಮಾರಿಕಾಂಬಾ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರೋದು, ಆ ರಶ್ಶಲ್ಲಿ ನಂಗೊಂದು ಲೇಡೀಸ್ ಪರ್ಸ್ ಸಿಕ್ತು. ನಾನು ಎಂತ ಮಾಡ್ದೆ ಅಂದ್ರೆ, ದೊಡ್ಡ ಪುಣ್ಯದ ಕೆಲ್ಸ ಅಂದ್ಕೊಂಡು ಆಧಾರ್, ಎಟಿಎಂ ಕಾರ್ಡು, ಬೀಗದಕೈ, ದುಡ್ಡು ಎಲ್ಲಾ ಮಂಚದ ಮೇಲೆ ಸಾಲಾಗಿ ಜೋಡ್ಸಿ ಫೋಟೋ ಹೊಡ್ದು ಗ್ರೂಪಿಗೆ ಹಾಕ್ದೆ, "ಎಲ್ಲಾ ಕಡೆ ಶೇರ್ ಮಾಡಿ" ಅಂತ ಬೇರೆ. ಅರ್ಧ ಗಂಟೇಲಿ ಇಬ್ರು ಫೋನ್ ಮಾಡಿ ನಮ್ಮನೇದೇ ಅಂದ್ರು. ಹೆಸ್ರು ಕರೆಕ್ಟು, ದುಡ್ಡಿನ ಲೆಕ್ಕನೂ ಕರೆಕ್ಟು. ಆಗ್ದೇ ಎಂತ, ಪ್ರಶ್ನೆಪತ್ರಿಕೆ ಜೊತೆ ಉತ್ರನೂ ನಾನೇ ಕೊಟ್ಟಿದ್ನಲ್ಲ!

(ಸ್ಕ್ರೀನಲ್ಲಿ: ಬೀಗದಕೈ ಕ್ಲೋಸಪ್)

ಆಧಾರ್ ನಂಬರು, ಮನೆ ವಿಳಾಸ ಹೊರಗೆ ಹೋಗೋದು ಗೊತ್ತೇ ಇದೆ, ಎಟಿಎಂ ಕಾರ್ಡಿನ ಹಿಂದಿನ 3 ಅಂಕಿ ಸಿಕ್ರೆ ಕೆಲವು ವಿದೇಶಿ ಸೈಟಲ್ಲಿ ಓಟಿಪಿನೂ ಕೇಳಲ್ಲ. ಆದ್ರೆ ಬೀಗದಕೈ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ. 2008ರಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನವ್ರು ಸುಮಾರು 195 ಅಡಿ ದೂರದಿಂದ ತೆಗ್ದ ಫೋಟೋ ನೋಡ್ಕೊಂಡು ನಕಲಿ ಕೀ ಮಾಡಬಹುದು ಅಂತ ತೋರ್ಸಿದ್ರು, ನಾನಂತೂ ಅರ್ಧ ಅಡಿಯಿಂದ ಹೊಡ್ದಿದ್ದೆ, ಪಕ್ಕದಲ್ಲೇ ಮನೆ ವಿಳಾಸ ಸಮೇತ.

ಮಾರ್ಕರಲ್ಲಿ ಗೀಚಿ ಹಾಕಿದ್ರೆ ಆಯ್ತಲ್ಲ ಅಂತೀರಾ? ಫೋನಿನ ಆ ಕಪ್ಪು ಮಾರ್ಕರ್ ಎಷ್ಟೋ ಸಲ ಅರ್ಧ ಪಾರದರ್ಶಕ, ಬ್ರೈಟ್‌ನೆಸ್ ಏರ್ಸಿದ್ರೆ ಅಡಿಗಿನ ನಂಬರ್ ಕಾಣ್ತದೆ. ಡಿಲೀಟ್ ಮಾಡಿದ್ರೂ ಫಾರ್ವರ್ಡ್ ಆದ ಕಾಪಿ ಹಾಗೇ ಓಡಾಡ್ತಾ ಇರ್ತದೆ.

ಅದಕ್ಕೇ ಫೋಟೋನೇ ಬೇಡ. "ಜಾತ್ರೇಲಿ ಒಂದು ಪರ್ಸ್ ಸಿಕ್ಕಿದೆ, ಬಣ್ಣ ಯಾವ್ದು ಒಳಗೆಂತ ಇತ್ತು ಹೇಳಿ" ಇಷ್ಟು ಸಾಕು, ಇಲ್ಲಾಂದ್ರೆ ಸೀದಾ ಪೊಲೀಸ್ ಸ್ಟೇಷನ್ನಿಗೆ ಕೊಡಿ. ರೈಲಲ್ಲಿ ಯಾರೋ ಬಿಟ್ಟಿದ್ದು ಸಿಕ್ರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಸಿಕ್ಕಿದ್ದನ್ನ ಎತ್ತಿಟ್ಕೊಂಡ್ಮೇಲೆ ಜೋಪಾನ ಮಾಡೋ ಜವಾಬ್ದಾರಿ ನಿಮ್ದೇ, 1872ರ ಕರಾರು ಕಾಯ್ದೆ 71ನೇ ಸೆಕ್ಷನ್ ಹೇಳೋದೂ ಅದೇ.

ಅಂದಹಾಗೆ ಪರ್ಸಿನ ಅಕ್ಕೋರು ಮೂರನೇ ದಿನ ಫೋನ್ ಮಾಡಿದ್ರು. "ಒಳಜಿಪ್ಪಲ್ಲಿ ಪೇಪರ್ ಪೊಟ್ಟಣ ಇದೆ, ಅದ್ರಲ್ಲಿ ಒಂಟಿ ಬೆಂಡೋಲೆ." ನಾನು ಆ ಜಿಪ್ಪೇ ನೋಡಿರ್ಲಿಲ್ಲ, ತೆಗ್ದ್ರೆ ಹೌದು! ಪರ್ಸ್ ಇಸ್ಕೊಂಡು ಕೇಳಿದ್ರು, "ಅದೆಂತಕ್ಕೆ ತಮಾ, ನನ್ನ ಆಧಾರು ಊರಿಗೆಲ್ಲ ಹಂಚಿದ್ದು?" ಎಂತ ಹೇಳೋದು. ಅಲ್ಲೇ ಕೂತು ಅವ್ರ ಫೋನಲ್ಲಿ ಆಧಾರ್ ಬಯೋಮೆಟ್ರಿಕ್, ಅಂದ್ರೆ ಬೆರಳಚ್ಚು-ಕಣ್ಣಿನ ಗುರುತು, ಲಾಕ್ ಮಾಡ್ಕೊಟ್ಟೆ, ಮನೆ ಬೀಗ ಬದಲಾಯ್ಸೋ ಖರ್ಚೂ ನಂದೇ ಆಯ್ತು.