ಆ ಒಂದು ಷರತ್ತು ಮತ್ತು ಫಿಲಡೆಲ್ಫಿಯಾದ ಒಂದು ಮಧ್ಯಾಹ್ನ

ಅಧ್ಯಕ್ಷರೇ, ಗೆಳೆಯರೇ,

ಬೇಸ್‌ಬಾಲ್ ಬಗ್ಗೆ ಮಾತಾಡ್ತೀನಿ ಅಂದಾಗ ಮನೆಯಲ್ಲೇ ನಕ್ಕರು. ‘ನಿಮಗೆ ಸ್ಕೋರ್ ಬರೆಯೋಕಾದರೂ ಬರುತ್ತಾ?’ ಅಂತ. ಬರುತ್ತೆ, ಸ್ವಲ್ಪ. ಆದರೆ ಇವತ್ತು ನಾನು ಹಿಡಿದು ಬಂದಿರೋದು ಸ್ಕೋರನ್ನಲ್ಲ, ಆಟಗಾರರ ಕರಾರುಪತ್ರದ ಒಂದು ಷರತ್ತನ್ನು. ರಿಸರ್ವ್ ಷರತ್ತು ಅಂತ ಅದರ ಹೆಸರು.

1879ರಲ್ಲಿ ಅಮೆರಿಕದ ಬೇಸ್‌ಬಾಲ್ ಕೂಟವಾದ ನ್ಯಾಷನಲ್ ಲೀಗಿನ ತಂಡಗಳ ಮಾಲೀಕರು ತಮ್ಮೊಳಗೇ ಮಾಡಿಕೊಂಡ ಏರ್ಪಾಡು ಇದು: ಕರಾರು ಮುಗಿದ ಮೇಲೂ ಆಟಗಾರ ಅದೇ ತಂಡಕ್ಕೆ ಕಟ್ಟುಬಿದ್ದಿರಬೇಕು. ಮೊದಲು ತಂಡಕ್ಕೆ ಐದು ಜನಕ್ಕೆ ಮಾತ್ರ, ಆಮೇಲೆ ಎಲ್ಲರಿಗೂ. ಬಾಡಿಗೆ ಮನೆಯ ಲೆಕ್ಕದಲ್ಲಿ ಹೇಳಿದರೆ, ಕರಾರು ಮುಗಿದರೂ ಬಾಡಿಗೆದಾರ ಬೇರೆ ಮನೆ ನೋಡುವ ಹಾಗಿಲ್ಲ. ಮಾಲೀಕರು ಮಾತ್ರ ಹತ್ತು ದಿನದ ನೋಟಿಸ್ ಕೊಟ್ಟು ಸಾಮಾನು ಬೀದಿಗೆ ಹಾಕಬಹುದು. ಬೇಕಾದರೆ ಬಾಡಿಗೆದಾರನನ್ನೇ ಮಾರಬಹುದು! ಐಪಿಎಲ್ ಹರಾಜು ನೋಡಿ ‘ಮನುಷ್ಯರನ್ನು ಮಾರ್ತಾರೆ’ ಅಂತ ಬೇಜಾರು ಮಾಡಿಕೊಳ್ಳುವವರು ಇದನ್ನೊಮ್ಮೆ ಓದಬೇಕು.

ಈಗ ನನ್ನ ಪ್ರೀತಿಯ ಕಥೆ. ಕೇಳಿದವರು ಕ್ಷಮಿಸಿ, ಇನ್ನೊಮ್ಮೆ ಕೇಳಿ.

1912ರ ಮೇ 15, ನ್ಯೂಯಾರ್ಕ್. ಡೆಟ್ರಾಯಿಟ್ ಟೈಗರ್ಸ್ ತಂಡದ ಟೈ ಕಾಬ್‌ನನ್ನು ಗ್ಯಾಲರಿಯಿಂದ ಒಬ್ಬ ಎಡೆಬಿಡದೆ ಬೈಯುತ್ತಿದ್ದ. ಕಾಬ್ ಬೇಲಿ ಹಾರಿ ನುಗ್ಗಿ ಅವನಿಗೆ ಹೊಡೆದ. ಆ ಮನುಷ್ಯನಿಗೆ ಮುದ್ರಣ ಯಂತ್ರದ ಅಪಘಾತದಲ್ಲಿ ಒಂದು ಕೈ ಪೂರ್ತಿ, ಇನ್ನೊಂದು ಕೈಯ ಕೆಲವು ಬೆರಳುಗಳು ಹೋಗಿದ್ದವು. ಕಾಬ್ ಒಳ್ಳೆಯವನು ಅಂತ ನಾನು ಹೇಳ್ತಿಲ್ಲ. ಯಾರೂ ಹೇಳಲ್ಲ. ಡೆಟ್ರಾಯಿಟ್ ಆಡುತ್ತಿದ್ದ ಅಮೆರಿಕನ್ ಲೀಗಿನ ಅಧ್ಯಕ್ಷ ಬ್ಯಾನ್ ಜಾನ್ಸನ್ ವಿಚಾರಣೆಯಿಲ್ಲದೆ ಅವನನ್ನು ಅಮಾನತು ಮಾಡಿದ. ಆಗ ಒಂದು ವಿಚಿತ್ರ ನಡೆಯಿತು. ಕಾಬ್‌ನನ್ನು ಕಂಡರೆ ಆಗದ ಸಹ ಆಟಗಾರರೇ ‘ಅವನಿಲ್ಲದೆ ನಾವೂ ಆಡಲ್ಲ’ ಅಂದುಬಿಟ್ಟರು.

ಮೇ 18, ಫಿಲಡೆಲ್ಫಿಯಾ. ತಂಡ ಇಳಿಸದಿದ್ದರೆ ಮಾಲೀಕ ನೇವಿನ್‌ಗೆ 5,000 ಡಾಲರ್ ದಂಡ. ಹಾಗಾಗಿ ಊರ ಹುಡುಗರನ್ನೇ ಹಿಡಿದು ತಂದರು. ಅವರಲ್ಲೊಬ್ಬ ಆಲನ್ ಟ್ರಾವರ್ಸ್, ಸೇಂಟ್ ಜೋಸೆಫ್ ಕಾಲೇಜಿನ ವಿದ್ಯಾರ್ಥಿ. ಕಾಲೇಜು ತಂಡದಲ್ಲಿ ಆಡಿದವನೂ ಅಲ್ಲ, ಅದರ ಸಹಾಯಕ ಮ್ಯಾನೇಜರ್. ಆಡಿದರೆ 25 ಡಾಲರ್, ಪಿಚ್ ಮಾಡಿದರೆ, ಅಂದರೆ ನಮ್ಮ ಬೌಲರ್ ಹಾಗೆ ಚೆಂಡು ಎಸೆದರೆ, 50. ಹುಡುಗ ಪಿಚ್ ಮಾಡ್ತೀನಿ ಅಂದ!

ಎದುರಿಗೆ ಯಾರು? ಹಿಂದಿನ ಎರಡು ವರ್ಷವೂ ವಿಶ್ವ ಸರಣಿ ಗೆದ್ದ ಅಥ್ಲೆಟಿಕ್ಸ್. ಡೆಟ್ರಾಯಿಟ್ ಕಡೆ ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಜಾಗದಲ್ಲಿ, 48 ವರ್ಷದ ಕೋಚ್ ಮೆಗ್ವಾಯರ್. ಟ್ರಾವರ್ಸ್ ಎಂಟು ಇನಿಂಗ್ಸ್ ಎಸೆದ, 26 ಹಿಟ್ ಕೊಟ್ಟ, 24 ರನ್ ಕೊಟ್ಟ. ಒಬ್ಬನನ್ನು ಸ್ಟ್ರೈಕ್‌ಔಟ್ ಕೂಡ ಮಾಡಿದ, ಅದನ್ನು ಮರೆಯಬೇಡಿ. ಕೊನೆಗೆ 24–2. ನಮ್ಮ ಬೀದಿ ಮ್ಯಾಚಿನಲ್ಲಾದರೆ ಇಷ್ಟು ಹೊತ್ತಿಗೆ ಯಾರಾದರೂ ಚೆಂಡನ್ನು ಚರಂಡಿಗೆ ಎಸೆದು ಆಟ ಮುಗಿಸಿರೋರು.

ಮುಷ್ಕರ ಅಲ್ಲಿಗೇ ಮುಗಿಯಿತು. ಆಡದಿದ್ದರೆ ಬೇರೆ ಎಲ್ಲೂ ಆಡುವಂತಿಲ್ಲವಲ್ಲ, ಮತ್ತೆ ಆ ಷರತ್ತೇ! ಕಾಬ್ ತಾನೇ ‘ಹೋಗಿ, ಆಡಿ’ ಅಂದ. ಗ್ಯಾಲರಿಗೆ ನುಗ್ಗಿ ಹೊಡೆದ ಕಾಬ್‌ಗೆ ಬಿದ್ದ ದಂಡ 50 ಡಾಲರ್. ಅವನ ಪರ ನಿಂತವರಿಗೆ ತಲಾ 100. ಈ ಎರಡು ಅಂಕಿಗಳನ್ನು ಸ್ವಲ್ಪ ಪಕ್ಕಪಕ್ಕ ಇಟ್ಟು ನೋಡಿ.

ಆ ಮಧ್ಯಾಹ್ನ ಮೂರನೇ ಬೇಸಿನಲ್ಲಿ ನಿಂತಿದ್ದವನು ಬಿಲ್ಲಿ ಮಹಾರ್ಗ್ ಅನ್ನೋ ಮಾಜಿ ಬಾಕ್ಸರ್. ಎಂಟು ವರ್ಷದ ಮೇಲೆ, 1920ರ ಸೆಪ್ಟೆಂಬರಿನಲ್ಲಿ, 1919ರ ವಿಶ್ವ ಸರಣಿ ಮಾರಾಟವಾದ ಬಗೆಯನ್ನು ಪತ್ರಿಕೆಗೆ ಬಿಚ್ಚಿಟ್ಟವನು ಇದೇ ಆಸಾಮಿ. ಶಿಕಾಗೋ ವೈಟ್ ಸಾಕ್ಸ್ ತಂಡದ ಎಂಟು ಜನ ಜೂಜುಕೋರರ ದುಡ್ಡಿಗೆ ಸೋಲಲು ಒಪ್ಪಿದರು ಅನ್ನೋ ಬ್ಲ್ಯಾಕ್ ಸಾಕ್ಸ್ ಹಗರಣ ನಿಮಗೆ ಗೊತ್ತು, ಆ ಎಂಟು ಜನರ ಕಥೆ ಹೇಳಲ್ಲ. ಒಂದೇ ತಕರಾರು ನನ್ನದು. ಆ ತಂಡದ ಮಾಲೀಕ ಕಮಿಸ್ಕಿ ಜಿಪುಣ, ಅದಕ್ಕೇ ಹುಡುಗರು ದಾರಿ ತಪ್ಪಿದರು ಅಂತಾರೆ. ಸಂಬಳದ ದಾಖಲೆ ತೆಗೆದರೆ ಅವರದು ಲೀಗಿನಲ್ಲೇ ದುಬಾರಿ ತಂಡಗಳಲ್ಲೊಂದು. ಅವರ ಕಷ್ಟ ಇದ್ದದ್ದು ಸಂಬಳ ಕಡಿಮೆ ಅನ್ನಿಸಿದವನಿಗೆ ಬೇರೆ ಬಾಗಿಲು ತಟ್ಟಲು ಬಿಡದ ಷರತ್ತಿನಲ್ಲಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಈ ಲೀಗುಗಳು ಸೇರಿಸಿಕೊಳ್ಳದ ಕಪ್ಪು ಆಟಗಾರರಿಗೆ ಈ ಷರತ್ತಿನ ಪಂಜರವೂ ಸಿಗದೆ, 1920ರಲ್ಲಿ ಅವರಲ್ಲೇ ಒಬ್ಬರಾದ ರೂಬ್ ಫೋಸ್ಟರ್ ಬೇರೆ ಲೀಗನ್ನೇ ಕಟ್ಟಿದ್ದು ಇನ್ನೊಂದು ಉಪನ್ಯಾಸದ ಮಾತು, ಇನ್ನೊಮ್ಮೆ ಕರೆದರೆ ಬರ್ತೀನಿ. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬೇಸ್‌ಬಾಲ್ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವಲ್ಲ, ಹಾಗಾಗಿ ಏಕಸ್ವಾಮ್ಯ ತಡೆಯುವ ಕಾನೂನು ಅದಕ್ಕೆ ಅನ್ವಯಿಸಲ್ಲ ಅಂತ ತೀರ್ಪಿತ್ತಿತು. ತಂಡಗಳು ಟಿಕೆಟ್ ಮಾರುತ್ತಾ ರೈಲಿನಲ್ಲಿ ರಾಜ್ಯದಿಂದ ರಾಜ್ಯಕ್ಕೆ ಓಡಾಡುತ್ತಿದ್ದ ಕಾಲ ಅದು! ಷರತ್ತು ಮುರಿಯೋಕೆ 1975 ಬರಬೇಕಾಯಿತು.

ಟ್ರಾವರ್ಸ್ ಏನಾದ ಅಂತ ಹಿಂದಿನ ಸಾಲಿನವರು ಕೈಸನ್ನೆಯಲ್ಲೇ ಕೇಳ್ತಿದ್ದಾರೆ. ಪಾದ್ರಿಯಾದ್ರು ಸ್ವಾಮಿ, ಜೆಸ್ವಿಟ್ ಪಾದ್ರಿ. ಮತ್ತೆಂದೂ ಲೀಗಿನಲ್ಲಿ ಪಿಚ್ ಮಾಡಲಿಲ್ಲ.