ಲಸಿಕೆಗೆ ತೋಳು ಒಡ್ಡುವ ಮುನ್ನ ರೋಗಿಗಳು ಹೇಳಲೇಬೇಕಾದ ವಿಷಯಗಳು

ನಮಸ್ಕಾರ. ಕೊರೊನಾ ಲಸಿಕೆಯ ಮಾತು ಈಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಜಾಗತಿಕ ತುರ್ತು ಪರಿಸ್ಥಿತಿ ಮುಗಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಘೋಷಿಸಿತು, ನಿಜ. ಆದರೆ ವೈರಾಣು ಎಲ್ಲಿಗೂ ಹೋಗಿಲ್ಲ. ಅದು ರೂಪ ಬದಲಿಸುತ್ತಲೇ ಇದೆ, ಮತ್ತು ಅದರ ಪೆಟ್ಟು ಹೆಚ್ಚಾಗಿ ಬೀಳುವುದು ವಯಸ್ಸಾದವರ ಮೇಲೆ ಹಾಗೂ ಈಗಾಗಲೇ ಬೇರೊಂದು ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರ ಮೇಲೆ. ಆದ್ದರಿಂದ ಈ ವಿಡಿಯೊವನ್ನು ನಾನು ರೋಗಿಗಳಿಗಾಗಿ, ಅವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ಮಾಡುತ್ತಿದ್ದೇನೆ.

ಲಸಿಕಾ ಕೊಠಡಿಯಲ್ಲಿ ನರ್ಸ್ ಆಗಿ ಕೆಲಸ ಮಾಡುವ ನಾನು ಪದೇ ಪದೇ ಕಾಣುವ ಸಂಗತಿಯೊಂದಿದೆ. ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಸಿರಿಂಜ್ ಕೈಗೆತ್ತಿಕೊಂಡ ಮೇಲೆ, "ಸಿಸ್ಟರ್, ನಾನು ರಕ್ತ ತೆಳುವಾಗುವ ಮಾತ್ರೆ ತಗೋತೀನಿ, ಪರವಾಗಿಲ್ವಾ?" ಎಂದು ರೋಗಿ ಮೆಲ್ಲಗೆ ಕೇಳುತ್ತಾರೆ. ಪರವಾಗಿಲ್ಲ. ಆ ಮಾತ್ರೆ ತೆಗೆದುಕೊಳ್ಳುವ ಬಹುತೇಕರು ಲಸಿಕೆ ಪಡೆಯಬಹುದು. ಆದರೆ ಅದು ಮೊದಲೇ ಗೊತ್ತಿದ್ದರೆ ನಾವು ಸಣ್ಣ ಸೂಜಿಯನ್ನು ಆರಿಸಿಕೊಳ್ಳುತ್ತೇವೆ, ಚುಚ್ಚಿದ ಜಾಗವನ್ನು ಕನಿಷ್ಠ 2 ನಿಮಿಷ ಉಜ್ಜದೆ ಬಿಗಿಯಾಗಿ ಒತ್ತಿ ಹಿಡಿಯಲು ಹೇಳುತ್ತೇವೆ. ಉಜ್ಜಿದರೆ ಸ್ನಾಯುವಿನ ಒಳಗೆ ರಕ್ತ ಹೆಪ್ಪುಗಟ್ಟಿ ತೋಳು ನೀಲಿಗಟ್ಟಬಹುದು. ರಕ್ತ ತೆಳುವಾಗಲು ವಾರ್ಫರಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಬೇಕೆಂದು ತೋರಿಸುವ ತಮ್ಮ ಐಎನ್ಆರ್ ಪರೀಕ್ಷೆಯ ಫಲಿತಾಂಶ ವೈದ್ಯರು ಹೇಳಿದ ಮಿತಿಯೊಳಗೆ ಇದೆಯೇ ಎಂದು ನೋಡಿಕೊಂಡು ಬಂದರೆ ಇನ್ನೂ ಒಳ್ಳೆಯದು. ಲಸಿಕೆಗೆಂದು ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ಬರುವುದು ಮಾತ್ರ ಅಪಾಯಕರ.

ಯಾವ ತೋಳಿಗೆ ಚುಚ್ಚಬೇಕು ಎಂಬುದೂ ರೋಗಿಯೇ ಹೇಳಬೇಕಾದ ವಿಷಯ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಶಸ್ತ್ರಚಿಕಿತ್ಸೆಯಿಂದ ರಕ್ತನಾಳಗಳನ್ನು ಜೋಡಿಸಿದ ಜಾಗ) ಮಾಡಿರುವ ತೋಳನ್ನು ಬಿಟ್ಟು ಇನ್ನೊಂದನ್ನು ಕೊಡಬೇಕು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೂ ಹಾಗೆಯೇ. ಇನ್ನೊಂದು ಮಾತು: ಲಸಿಕೆ ಹಾಕಿದ ಬದಿಯ ಕಂಕುಳಿನಲ್ಲಿ ಗ್ರಂಥಿಗಳು ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಊದಿಕೊಳ್ಳಬಹುದು. ಆ ಸಮಯದಲ್ಲಿ ಮ್ಯಾಮೊಗ್ರಾಂ ಅಥವಾ ಸ್ಕ್ಯಾನ್ ಇದ್ದರೆ, ಯಾವ ದಿನ ಯಾವ ತೋಳಿಗೆ ಲಸಿಕೆ ಪಡೆದಿರಿ ಎಂಬುದನ್ನು ಅಲ್ಲಿನ ಸಿಬ್ಬಂದಿಗೆ ತಿಳಿಸಿ. ಅಷ್ಟು ಹೇಳಿದರೆ ಅನಗತ್ಯವಾದ ಗಾಬರಿಯೂ ಮರುಪರೀಕ್ಷೆಯೂ ತಪ್ಪಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುವವರು, ಅಂದರೆ ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರು, ಕೀಮೋಥೆರಪಿಯಲ್ಲಿರುವವರು, ಸಂಧಿವಾತದಂಥ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು, "ನಮಗೆ ಲಸಿಕೆಯಿಂದಲೇ ಕೊರೊನಾ ಬಂದುಬಿಟ್ಟರೆ?" ಎಂದು ಹೆದರುತ್ತಾರೆ. ಹಾಗಾಗುವುದಿಲ್ಲ. ವ್ಯಾಪಕವಾಗಿ ಬಳಕೆಯಲ್ಲಿರುವ ಕೊರೊನಾ ಲಸಿಕೆಗಳಲ್ಲಿ ದೇಹದೊಳಗೆ ಬೆಳೆಯಬಲ್ಲ ಜೀವಂತ ಕೊರೊನಾ ವೈರಾಣು ಇಲ್ಲ. ಎಂಆರ್‌ಎನ್‌ಎ ಲಸಿಕೆಯಲ್ಲಿ ಇರುವುದು ವೈರಾಣುವಿನ ಹೊರಮೈಯಲ್ಲಿರುವ ಸ್ಪೈಕ್ ಪ್ರೋಟೀನನ್ನು ತಯಾರಿಸುವ ಸೂಚನೆ ಮಾತ್ರ. ಅದು ನಮ್ಮ ಡಿಎನ್‌ಎ ಇರುವ ಕೋಶಕೇಂದ್ರವನ್ನು ಪ್ರವೇಶಿಸದೆ ಸ್ವಲ್ಪ ಕಾಲದಲ್ಲೇ ಕರಗಿಹೋಗುತ್ತದೆ. ಅವಸರದಲ್ಲಿ ಮಾಡಿದ ತಂತ್ರಜ್ಞಾನ ಎಂಬ ಆತಂಕವೂ ಇದೆ. ಇದಕ್ಕೆ ಅಡಿಪಾಯವಾದ ಸಂಶೋಧನೆಯನ್ನು ವಿಜ್ಞಾನಿಗಳಾದ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲೇ ಪ್ರಕಟಿಸಿದ್ದರು. 2023ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು ಅದಕ್ಕಾಗಿಯೇ.

ಈ ರೋಗಿಗಳ ನಿಜವಾದ ತೊಂದರೆ ಬೇರೆ. ಲಸಿಕೆ ಅವರಲ್ಲಿ ಪೂರ್ತಿ ಫಲ ಕೊಡದೆ ಹೋಗಬಹುದು. ಉದಾಹರಣೆಗೆ ರಿಟುಕ್ಸಿಮ್ಯಾಬ್ ಎಂಬ ಔಷಧ, ಸೋಂಕನ್ನು ಎದುರಿಸುವ ಪ್ರತಿಕಾಯಗಳನ್ನು (ಆಂಟಿಬಾಡಿ) ತಯಾರಿಸುವ ಬಿ ಕೋಶಗಳನ್ನೇ ತಿಂಗಳುಗಟ್ಟಲೆ ಅಳಿಸಿಹಾಕುತ್ತದೆ. ಅದರ ಬೆನ್ನಿಗೇ ಲಸಿಕೆ ಹಾಕಿಸಿಕೊಂಡರೆ ಮೇಷ್ಟ್ರು ತರಗತಿಗೆ ಬಂದಾಗ ಮಕ್ಕಳೇ ಇಲ್ಲದಂತಾಗುತ್ತದೆ. ರೋಗನಿರೋಧಕ ವ್ಯವಸ್ಥೆಯ ಇನ್ನೊಂದು ಬಗೆಯ ಕೋಶಗಳಾದ ಟಿ ಕೋಶಗಳಿಂದ ಒಂದಿಷ್ಟು ರಕ್ಷಣೆ ದೊರೆತರೂ ಪ್ರತಿಕಾಯಗಳು ಹೆಚ್ಚು ಹುಟ್ಟುವುದಿಲ್ಲ. ಹಾಗಾಗಿ ಮುಂದಿನ ಇನ್‌ಫ್ಯೂಷನ್ (ಡ್ರಿಪ್ ಮೂಲಕ ಔಷಧ ಕೊಡುವುದು) ಯಾವಾಗ, ಅದಕ್ಕೆ ಎಷ್ಟು ವಾರ ಮೊದಲು ಲಸಿಕೆ ಪಡೆದರೆ ಒಳಿತು ಎಂದು ನಿಮಗೆ ಚಿಕಿತ್ಸೆ ನೀಡುವ ತಜ್ಞರನ್ನೇ ಕೇಳಿ. ಕೆಲವು ಔಷಧಗಳನ್ನು ಅಲ್ಪಕಾಲ ಮುಂದೂಡಲು ಅವರು ಹೇಳಬಹುದು, ಕೆಲವನ್ನು ಒಂದು ದಿನವೂ ಬಿಡಬೇಡಿ ಎನ್ನಬಹುದು. ಕಸಿ ಮಾಡಿಸಿಕೊಂಡವರು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ದೇಹ ಹೊಸ ಅಂಗವನ್ನೇ ತಿರಸ್ಕರಿಸುವ ಅಪಾಯವಿದೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ಇಂಥವರಿಗೆ ಹೆಚ್ಚುವರಿ ಡೋಸ್‌ಗಳನ್ನು ಸೂಚಿಸುವುದೂ, ಅವರೊಡನೆ ಇರುವ ಮನೆಯವರೆಲ್ಲ ಲಸಿಕೆ ಪಡೆಯಲಿ ಎಂದು ಒತ್ತಾಯಿಸುವುದೂ ಲಸಿಕೆ ಅವರಲ್ಲಿ ಪೂರ್ತಿ ಫಲ ಕೊಡದೆ ಹೋಗಬಹುದು ಎಂಬ ಕಾರಣಕ್ಕೆ.

ಲಸಿಕೆಯ ದಿನ ಹೆಚ್ಚು ಜ್ವರವಿದ್ದರೆ ಮುಂದೂಡಿ. ಹಿಂದೆ ಯಾವುದೇ ಲಸಿಕೆ ಅಥವಾ ಇಂಜೆಕ್ಷನ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಸಾಮಾನ್ಯವಾಗಿ 15 ನಿಮಿಷ ಕುಳಿತಿರಲು ಹೇಳುವ ನಾವು ಅಂಥವರನ್ನು 30 ನಿಮಿಷ ಗಮನಿಸುತ್ತೇವೆ, ಏಕೆಂದರೆ ಅನಾಫಿಲ್ಯಾಕ್ಸಿಸ್ ಎಂಬ ಅಪರೂಪದ ತೀವ್ರ ಅಲರ್ಜಿ ಬಹುತೇಕ ಈ ಅವಧಿಯಲ್ಲೇ ಕಾಣಿಸುತ್ತದೆ, ಮತ್ತು ತಕ್ಷಣ ಅಡ್ರಿನಾಲಿನ್ ಕೊಟ್ಟರೆ ಅದನ್ನು ಹತೋಟಿಗೆ ತರಬಹುದು. ಚುಚ್ಚುವಾಗ ತೋಳನ್ನು ಬಿಗಿ ಹಿಡಿಯದೆ ಸಡಿಲವಾಗಿ ಇಳಿಬಿಡಿ, ನೋವು ಕಡಿಮೆಯಾಗುತ್ತದೆ.

ತೋಳುನೋವು, ಜ್ವರ, ಮೈಕೈ ನೋವು, ಆಯಾಸ ಒಂದೆರಡು ದಿನ ಇರಬಹುದು. ಆಗ ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಜ್ವರ ಬಂದೀತೆಂದು ಲಸಿಕೆಗೆ ಮುಂಚೆಯೇ ನುಂಗುವ ಅಗತ್ಯವಿಲ್ಲ. ಸಕ್ಕರೆ ಕಾಯಿಲೆ ಇರುವವರು ಆ ದಿನಗಳಲ್ಲಿ ರಕ್ತದ ಸಕ್ಕರೆಯನ್ನು ಸ್ವಲ್ಪ ಹೆಚ್ಚು ಸಲ ನೋಡಿಕೊಳ್ಳಲಿ.

ಅಪರೂಪದ ಅಪಾಯಗಳನ್ನು ಮುಚ್ಚಿಡುವುದರಿಂದ ನಂಬಿಕೆ ಬೆಳೆಯುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಎಂಆರ್‌ಎನ್‌ಎ ಲಸಿಕೆಯ ನಂತರ, ಹೆಚ್ಚಾಗಿ ಯುವಕರಲ್ಲಿ, ಒಂದು ವಾರದೊಳಗೆ ಹೃದಯ ಸ್ನಾಯುವಿನ ಉರಿಯೂತ ಕಂಡುಬಂದಿದೆ. ಎದೆನೋವು, ಉಸಿರಾಟದ ತೊಂದರೆ, ಎದೆಬಡಿತದಲ್ಲಿ ಏರುಪೇರು ಅದರ ಲಕ್ಷಣಗಳು. ಕೋವಿಶೀಲ್ಡ್‌ನಂಥ ಅಡಿನೊವೈರಾಣು ಆಧಾರಿತ ಲಸಿಕೆಗಳ ನಂತರ ಸುಮಾರು ನಾಲ್ಕನೆಯ ದಿನದಿಂದ ಒಂದು ತಿಂಗಳವರೆಗೆ ಬಿಡದ ತಲೆನೋವು, ದೃಷ್ಟಿ ಮಂಜಾಗುವುದು, ಕಾಲೂತ, ತೀವ್ರ ಹೊಟ್ಟೆನೋವು ಅಥವಾ ಚರ್ಮದ ಮೇಲೆ ಸಣ್ಣ ರಕ್ತದ ಚುಕ್ಕೆಗಳು ಕಂಡರೆ ಅದು ರಕ್ತ ಹೆಪ್ಪುಗಟ್ಟುವ ಅಪರೂಪದ ಸಮಸ್ಯೆಯಾಗಿರಬಹುದು. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಲಸಿಕೆ ಪಡೆದ ದಿನಾಂಕವನ್ನೂ ಅದರ ಹೆಸರನ್ನೂ ಹೇಳಿ. ಇಷ್ಟೆಲ್ಲ ಇದ್ದರೂ, ವಯಸ್ಸಾದ ಮತ್ತು ಕಾಯಿಲೆಯಿರುವ ರೋಗಿಗಳಲ್ಲಿ ಸೋಂಕು ಹೃದಯಕ್ಕೂ ರಕ್ತನಾಳಗಳಿಗೂ ಮಾಡುವ ಹಾನಿಯನ್ನು ಕಣ್ಣಾರೆ ಕಂಡಿರುವ ನಾನು ಲಸಿಕೆಯ ಪರವಾಗಿಯೇ ಮಾತನಾಡುತ್ತೇನೆ.

ರಕ್ಷಣೆ ಬೆಳೆಯಲು ಸುಮಾರು 2 ವಾರ ಬೇಕು, ಮತ್ತು ತಿಂಗಳುಗಳು ಕಳೆದಂತೆ ಅದು ಕುಗ್ಗುತ್ತದೆ. ಆದ್ದರಿಂದ ಲಸಿಕೆ ಪಡೆದವರೂ ಸೋಂಕಿನ ಲಕ್ಷಣ ಕಂಡ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು, ಏಕೆಂದರೆ ಕೊರೊನಾ ಚಿಕಿತ್ಸೆಗೆ ಒಟ್ಟಿಗೆ ಕೊಡುವ ನಿರ್ಮಾಟ್ರೆಲ್ವಿರ್ ಮತ್ತು ರಿಟೊನಾವಿರ್ ಮಾತ್ರೆಗಳನ್ನು ಲಕ್ಷಣ ಶುರುವಾದ 5 ದಿನಗಳೊಳಗೆ ಆರಂಭಿಸಬೇಕಾಗುತ್ತದೆ. ಈ ಮಾತ್ರೆಗಳು ಕಸಿ ರೋಗಿಗಳ ಟ್ಯಾಕ್ರೊಲಿಮಸ್, ಕೊಲೆಸ್ಟರಾಲ್‌ಗೆ ಕೊಡುವ ಕೆಲವು ಸ್ಟ್ಯಾಟಿನ್‌ಗಳು ಮತ್ತು ಕೆಲವು ರಕ್ತ ತೆಳುಗೊಳಿಸುವ ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಿಸಬಲ್ಲವು; ಮೊದಲ ಮಾತ್ರೆ ನುಂಗುವ ಮುನ್ನವೇ ನೀವು ತೆಗೆದುಕೊಳ್ಳುವ ಪ್ರತಿಯೊಂದು ಔಷಧದ ಹೆಸರನ್ನೂ ವೈದ್ಯರಿಗೆ ತಿಳಿಸಿ.