ಇಬ್ಬರ ದಿನಚರಿಯಲ್ಲಿ ಒಬ್ಬರೇ ಉಳಿದಾಗ

ಕೇಳುಗರಿಗೆ ನಮಸ್ಕಾರ.

ಬಾಳಸಂಗಾತಿ ತೀರಿಕೊಂಡವರ ಮನೆಯಲ್ಲಿ ಎಲ್ಲರೂ ದೊಡ್ಡ ದಿನಗಳ ಬಗ್ಗೆ ಎಚ್ಚರವಾಗಿರುತ್ತಾರೆ. ಹುಟ್ಟಿದ ದಿನ, ಮದುವೆಯಾದ ದಿನ, ಹೋದ ದಿನ. ಅಂದು ಮಕ್ಕಳು ಬರುತ್ತಾರೆ, ನೆಂಟರು ಫೋನ್ ಮಾಡುತ್ತಾರೆ, ಹೇಗೋ ಹೊತ್ತು ಹೋಗುತ್ತದೆ. ಯಾವ ವಿಶೇಷವೂ ಇಲ್ಲದ ದಿನಗಳಿವೆಯಲ್ಲ, ಕಷ್ಟ ಇರುವುದು ಅಲ್ಲಿ. ಅದರ ಬಗ್ಗೆ ಮಾತಾಡುವವರು ಕಡಿಮೆ ಎನ್ನುವ ಕಾರಣಕ್ಕೇ ನಾನು ಇವತ್ತು ಮಾತಾಡಲು ಒಪ್ಪಿಕೊಂಡೆ.

ನಮ್ಮ ಯಜಮಾನರಿಗೆ ರಾತ್ರಿ ಮಲಗುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು. "ಬಾಗಿಲು ಹಾಕಿದ್ಯೇನೇ?" ಚಿಲಕ ಹಾಕಿದ್ದನ್ನು ಕಣ್ಣಾರೆ ನೋಡಿರುತ್ತಿದ್ದರು, ಆದರೂ ಕೇಳುತ್ತಿದ್ದರು. ನಾನು "ಹಾಕಿದೀನಿ ರೀ, ಮಲಕ್ಕೊಳ್ಳಿ" ಅನ್ನಬೇಕು. ಆಮೇಲೇ ದೀಪ ಆರುತ್ತಿದ್ದದ್ದು. ಅವರು ಹೋದ ಮೇಲೂ ಚಿಲಕಕ್ಕೆ ಕೈ ಹಾಕಿದ ಕೂಡಲೇ ಆ ಉತ್ತರ ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ಕೆಲವು ಸಲ ಜೋರಾಗಿಯೇ ಹೇಳಿಬಿಟ್ಟಿದ್ದೇನೆ.

ಇದನ್ನು ಕೇಳಿ ಯಾರಾದರೂ ಅರಳುಮರಳು ಅಂದುಕೊಳ್ಳಬೇಕಾಗಿಲ್ಲ. ನಡೆದದ್ದನ್ನು ನೆನಪಿಡುವುದು ಬೇರೆ, ಅಭ್ಯಾಸ ಬೇರೆ. ಅಭ್ಯಾಸಗಳು ಕೂರುವುದು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದ ಆಸರೆಯಲ್ಲಿ. ಅವು ವರ್ಷಗಟ್ಟಲೆ ಮಾಡಿ ಮಾಡಿ ರೂಢಿಯಾದಂಥವು, ಬಿಟ್ಟುಹೋಗುವಾಗಲೂ ಅಷ್ಟೇ ನಿಧಾನ. ಸಾವಿನ ಸುದ್ದಿ ಬುದ್ಧಿಗೆ ಅಂದೇ ತಿಳಿಯುತ್ತದೆ. ಕೈಗೆ, ಕಿವಿಗೆ, ನಾಲಿಗೆಗೆ ತಿಳಿಯುವುದಕ್ಕೆ ಬಹಳ ದಿನ ಹಿಡಿಯುತ್ತದೆ. ಒಂದೇ ಸಾವನ್ನು ನಾವು ಮತ್ತೆ ಮತ್ತೆ ಕೇಳಬೇಕಾಗುವುದು ಅದಕ್ಕೇ.

ಇನ್ನೊಂದು ನಷ್ಟವಿದೆ, ಅದು ನನಗೆ ತಡವಾಗಿ ಅರ್ಥವಾಯಿತು. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ 1985ರಲ್ಲಿ ಒಂದು ವಿಚಾರ ಮುಂದಿಟ್ಟರು. ಬಹುಕಾಲ ಒಟ್ಟಿಗೆ ಬಾಳಿದವರು ನೆನಪಿಡುವ ಕೆಲಸವನ್ನೂ ಹಂಚಿಕೊಂಡುಬಿಟ್ಟಿರುತ್ತಾರೆ ಎಂದು. ನಮ್ಮ ಮನೆಯಲ್ಲಿ ಕಾಗದಪತ್ರ, ಬಿಲ್ಲು, ಹೋದ ಊರಿನ ದಾರಿ ಎಲ್ಲ ಅವರ ಪಾಲು. ಯಾರ ಮಗಳು ಯಾರ ಮನೆ ಸೇರಿದಳು, ಯಾರಿಗೆ ಯಾವ ಮಾತ್ರೆ ಯಾವ ಹೊತ್ತಿಗೆ, ಇದು ನನ್ನ ಪಾಲು. ಹೀಗೆ ಮಾಡೋಣ ಎಂದು ಕೂತು ಮಾತಾಡಿಕೊಂಡವರಲ್ಲ. ಊಟವಾದ ಮೇಲೆ ಅವರು ಯಾವುದೋ ಹಳೆಯ ಪ್ರಯಾಣದ ಕಥೆ ತೆಗೆಯುತ್ತಿದ್ದರು. ನಡುವೆ ಒಂದು ಹೆಸರು ಸಿಕ್ಕದೆ ನನ್ನ ಕಡೆ ನೋಡುತ್ತಿದ್ದರು, ನಾನು ಎತ್ತಿಕೊಡುತ್ತಿದ್ದೆ. ಕಥೆ ಮುಂದಕ್ಕೆ ಹೋಗುತ್ತಿತ್ತು. ಈಗ ಆ ಹೆಸರುಗಳೆಲ್ಲ ನನ್ನ ಬಳಿ ಭದ್ರವಾಗಿವೆ. ಆ ರೈಲಿನಲ್ಲಿ ನಾವು ಅಷ್ಟೊಂದು ನಕ್ಕದ್ದು ಯಾಕೆ ಎನ್ನುವುದು ಮಾತ್ರ ಅವರ ಜೊತೆಗೇ ಹೋಯಿತು. ಎಷ್ಟು ತಡಕಿದರೂ ಸಿಕ್ಕುವುದಿಲ್ಲ.

ದುಃಖಕ್ಕೆ ಐದು ಹಂತ ಎಂದು ನೀವು ಕೇಳಿರಬಹುದು. 1969ರಲ್ಲಿ ಎಲಿಸಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ ಅದನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಮಾತು ಕೇಳಿ. ಉಳಿದವರ ದುಃಖಕ್ಕೆ ಅದನ್ನು ಹೊಂದಿಸಿದ್ದು ಆಮೇಲೆ. ನನ್ನ ಅನುಭವಕ್ಕೆ ಹತ್ತಿರವಾದದ್ದು 1999ರಲ್ಲಿ ಮಾರ್ಗರೆಟ್ ಸ್ಟ್ರೋಬ, ಹೆಂಕ್ ಸ್ಖುಟ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ ಮಾತು. ಮನಸ್ಸು ಒಂದಷ್ಟು ಹೊತ್ತು ಹೋದವರ ಕಡೆ ಇರುತ್ತದೆ, ಒಂದಷ್ಟು ಹೊತ್ತು ಆಗಬೇಕಾದ ಕೆಲಸದ ಕಡೆ. ಆಚೆ ಈಚೆ ಓಡಾಡುತ್ತಲೇ ಇರುತ್ತದೆ, ಹಾಗೆ ಓಡಾಡುವುದೇ ಸಹಜ. ಬೆಳಿಗ್ಗೆ ಬ್ಯಾಂಕಿನಲ್ಲಿ ನೆಟ್ಟಗೆ ನಿಂತು ಸಹಿ ಹಾಕಿ ಬಂದವಳು ಮಧ್ಯಾಹ್ನ ಬಟ್ಟೆ ಮಡಚುತ್ತಾ ಅತ್ತರೆ ಅವಳಿಗೆ ಏನೂ ಕೆಟ್ಟಿಲ್ಲ.

ಬೆಳಿಗ್ಗೆ ಪೇಪರ್ ಬಿಡಿಸುವ ಮುಂಚೆ ಇಬ್ಬರ ಕನ್ನಡಕವನ್ನೂ ಅವರೇ ಒರೆಸುತ್ತಿದ್ದರು. ಬಾಯಿಂದ ಹಬೆ ಊದಿ, ಅಂಗಿಯ ಅಂಚಿನಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಮೂಲೆಯಲ್ಲಿ ಒಂದು ಚುಕ್ಕೆ ಉಳಿದಿದ್ದರೆ ಇನ್ನೊಮ್ಮೆ ಊದುವರು. ನನ್ನದನ್ನು ಮೊದಲು ಕೊಡುವರು. ಈಗ ಅದನ್ನು ನಾನು ಮಾಡಿಕೊಳ್ಳುತ್ತೇನೆ, ಅವರು ಮಾಡುತ್ತಿದ್ದ ಹಾಗೆಯೇ, ಕಿಟಕಿಗೆ ಹಿಡಿದು ನೋಡುವುದನ್ನೂ ಬಿಡದೆ. ನೋವಾಗುತ್ತದೆ. ಆ ಎರಡು ನಿಮಿಷ ಅವರು ಹತ್ತಿರವಿದ್ದ ಹಾಗೂ ಆಗುತ್ತದೆ. ಹೋದವರ ನಂಟು ಕಡಿದುಕೊಂಡರೇ ಚೇತರಿಕೆ ಎಂದು ಒಂದು ಕಾಲದಲ್ಲಿ ಬಲ್ಲವರೇ ಹೇಳುತ್ತಿದ್ದರು. 1990ರ ದಶಕದಿಂದೀಚೆಗೆ ಆ ಅಭಿಪ್ರಾಯ ಬದಲಾಗಿದೆ, ನಂಟು ಬೇರೆ ರೂಪದಲ್ಲಿ ಮುಂದುವರಿಯುವುದೂ ಸಹಜವೆಂದು ಒಪ್ಪಿದ್ದಾರೆ. ನನಗಂತೂ ಅದು ದೊಡ್ಡ ಸಮಾಧಾನ.

ಎಲ್ಲ ರೂಢಿಯನ್ನೂ ಹಿಡಿದುಕೊಂಡೇ ಇರಬೇಕು ಎನ್ನುತ್ತಿಲ್ಲ. ಸಂಜೆಯ ವಾಕಿಂಗ್ ಹಳೆಯ ದಾರಿಯಲ್ಲಿ ನನ್ನಿಂದ ಆಗಲಿಲ್ಲ, ದಾರಿ ಬದಲಿಸಿದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎನ್ನುವುದು ಉಳಿದವರಿಗೆ ಸೇರಿದ್ದು. ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಬಟ್ಟೆಬರೆ, ಕುರ್ಚಿ ಎಲ್ಲ ಬೇಗ ಸಾಗಿಸಲು ನೋಡುತ್ತಾರೆ. ದಯವಿಟ್ಟು ಕೇಳಿ ಮಾಡಿ.

ತಿಂಗಳುಗಳು ಕಳೆದರೂ ಹಂಬಲ ದಿನವಿಡೀ ಒಂದೇ ಸಮ ಇದ್ದು, ಏಳುವುದು, ಉಣ್ಣುವುದು, ನಾಲ್ಕು ಜನರ ಜೊತೆ ಬೆರೆಯುವುದು ಯಾವುದೂ ಸಾಧ್ಯವಾಗದಿದ್ದರೆ ವೈದ್ಯರನ್ನು ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಇದಕ್ಕೊಂದು ಜಾಗವಿದೆ. ಕನಿಷ್ಠ ಆರು ತಿಂಗಳು ಹೀಗೇ ಇದ್ದರೆ ಎಂದು ಅದು ಹೇಳುತ್ತದೆ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಒಂದು ದಿನವೂ ಕಾಯಬಾರದು.

ಅಕ್ಕಪಕ್ಕದವರಿಗೆ, ಸ್ನೇಹಿತರಿಗೆ ನನ್ನದೊಂದು ಕೋರಿಕೆ. ಧೈರ್ಯ ತಂದುಕೊಳ್ಳಿ ಅನ್ನುವ ಬದಲು, ನಿಮಗೆ ಯಾವ ಹೊತ್ತು ಕಷ್ಟವಾಗುತ್ತದೆ ಎಂದು ಕೇಳಿ. ಸಾಧ್ಯವಾದರೆ ಆ ಹೊತ್ತಿಗೇ ಬನ್ನಿ. ಹೋದವರ ಹೆಸರೆತ್ತಿದರೆ ನಮಗೆ ಬೇಜಾರಾದೀತೆಂದು ಮಾತು ಮರೆಸಬೇಡಿ. ಅವರು ನಿಮ್ಮೊಡನೆ ಆಡಿದ್ದೊಂದು ಮಾತು, ಮಾಡಿದ್ದೊಂದು ತಮಾಷೆ ನೆನಪಿದ್ದರೆ ಹೇಳಿ. ನಾವು ಅತ್ತರೂ ಹೇಳಿ ಮುಗಿಸಿ. ಅವರ ಪಾಲಿಗಿದ್ದ ನೆನಪುಗಳಲ್ಲಿ ಇಷ್ಟಾದರೂ ನಮಗೆ ಸಿಕ್ಕೀತು.

ನಮಸ್ಕಾರ.